ಎರಡೂವರೆ ವರ್ಷದ ಮಗಳ ಜೊತೆ ರಾಗಿ ಬಿಸ್ಕತ್ತು: ತಟ್ಟಿದ್ದೆಲ್ಲ ಒಡೆಯುತ್ತಿದೆ, ಸಲಹೆ ಬೇಕು

ಮೈಸೂರಿನ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ನಾನು ಚಪಾತಿ ಹಿಟ್ಟು ಕಲೆಸುವಾಗಲೆಲ್ಲ ತನಗೂ ಒಂದು ಉಂಡೆ ಬೇಕೆಂದು ಪಕ್ಕದಲ್ಲಿ ಬಂದು ಕೂರುತ್ತಾಳೆ. ಆ ಆಸಕ್ತಿಯನ್ನು ಕಂಡು, ಅಂಗಡಿಯ ಬಿಸ್ಕತ್ತಿನ ಬದಲು ಅವಳ ಕೈಯಿಂದಲೇ ಏನಾದರೂ ಮಾಡಿಸೋಣವೆಂದು ಎರಡು ಭಾನುವಾರ ರಾಗಿ ಬಿಸ್ಕತ್ತು ಮಾಡಲು ಪ್ರಯತ್ನಿಸಿದೆ. ರಾಗಿ ಹಿಟ್ಟು, ಬೆಲ್ಲ, ತುಪ್ಪ ಇಷ್ಟನ್ನೇ ಬಳಸಿದ್ದೆ. ಎರಡು ಸಲವೂ ಅವಳು ತಟ್ಟಿದ ಬಿಲ್ಲೆಗಳು ತಟ್ಟೆಗೆ ಇಡುವಷ್ಟರಲ್ಲಿ ಒಡೆದವು, ಉಳಿದವು ಬೆಂದ ಮೇಲೆ ಪುಡಿಯಾದವು. ಅವಳು ಅಳತೊಡಗಿದಾಗ ನಾನು ಹಿಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಮಾಡಿ ಮುಗಿಸಿದೆ. ಅದು ನನಗೆ ಈಗಲೂ ನೋವಿನ ಸಂಗತಿ.

ತಪ್ಪು ಎಲ್ಲಾಗುತ್ತಿದೆ? ಅವಳು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅದರಿಂದ ತೊಂದರೆ ಇದೆಯೇ? ನಮ್ಮದು ಚಿಕ್ಕ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್). ಅದರ ಬಿಸಿಯಿಂದ ಅವಳನ್ನು ದೂರವಿಡುವ ಬಗೆಯನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಮನೆ ಬೇಕರಿ:

ತಪ್ಪು ನಿಮ್ಮದೂ ಅಲ್ಲ, ಮಗುವಿನದೂ ಅಲ್ಲ. ಗೋಧಿ ಹಿಟ್ಟಿಗೆ ನೀರು ತಾಗಿದಾಗ ಅದರಲ್ಲಿರುವ ಗ್ಲುಟನ್ ಜಿಗುಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ರಾಗಿಯಲ್ಲಿ ಗ್ಲುಟನ್ ಇಲ್ಲ. ಮುದ್ದೆ ಮಾಡುವಾಗ ಕುದಿಯುವ ನೀರಿನಲ್ಲಿ ರಾಗಿಯ ಪಿಷ್ಟ ಬೆಂದು ಅಂಟಾಗುವುದರಿಂದ ಅದು ಉಂಡೆಯಾಗಿ ನಿಲ್ಲುತ್ತದೆ, ಆದರೆ ತಣ್ಣನೆಯ ತುಪ್ಪ, ಬೆಲ್ಲಗಳಲ್ಲಿ ಕಲೆಸಿದಾಗ ಆ ಅಂಟು ಬರುವುದಿಲ್ಲ. ಆದ್ದರಿಂದ ರಾಗಿಗೆ ಸಮನಾಗಿ ಗೋಧಿ ಹಿಟ್ಟನ್ನು ಸೇರಿಸಿ.

ನನ್ನ ಅಳತೆ ಹೀಗಿದೆ: ರಾಗಿ ಹಿಟ್ಟು 60 ಗ್ರಾಂ, ಗೋಧಿ ಹಿಟ್ಟು 60 ಗ್ರಾಂ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಬೆಲ್ಲದ ಪುಡಿ 40 ಗ್ರಾಂ, ಒಂದೆರಡು ದೊಡ್ಡ ಚಮಚ ಹಾಲು. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಪೂರ್ತಿ ಆರಿದ ಮೇಲೆಯೇ ಕಲೆಸಬೇಕು. ಬಿಸಿಯಿದ್ದರೆ ಬೆಣ್ಣೆ ಕರಗಿ ಹಿಟ್ಟು ಜಾರುತ್ತದೆ. ಕಲೆಸಿದ ಹಿಟ್ಟನ್ನು ಇಪ್ಪತ್ತು ನಿಮಿಷ ಮುಚ್ಚಿಡಿ, ರಾಗಿ ಹಾಲನ್ನು ಹೀರಿಕೊಳ್ಳಲು ಸ್ವಲ್ಪ ಸಮಯ ಬೇಕು. ತೀರ ತೆಳ್ಳಗೆ ತಟ್ಟದೆ ಅರ್ಧ ಸೆಂಟಿಮೀಟರ್ ದಪ್ಪವಿರಲಿ. ಮೊದಲೇ ಕಾಯಿಸಿಟ್ಟ ಓಟಿಜಿಯಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನಾಲ್ಕು ಹದಿನೈದು ನಿಮಿಷ ಸಾಕು. ಹೊರತೆಗೆದಾಗ ಮೆತ್ತಗಿರುತ್ತದೆ, ಬೇಯಲಿಲ್ಲವೆಂದು ಮತ್ತೆ ಒಳಗಿಡಬೇಡಿ. ತಟ್ಟೆಯ ಮೇಲೆಯೇ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಬೆಂದ ಮೇಲೆ ನಿಮ್ಮವು ಪುಡಿಯಾದದ್ದಕ್ಕೆ ಬಿಸಿಯಲ್ಲೇ ಎತ್ತಿದ್ದೂ ಕಾರಣವಿರಬಹುದು.

ಆಹಾರ ಸಲಹೆಗಾರ್ತಿ:

ಹಸಿ ಹಿಟ್ಟನ್ನು ತಿನ್ನಲು ಬಿಡಬೇಡಿ. ಹಿಟ್ಟು ಒಣಗಿದ್ದರೂ ಅದು ಹೊಲದಿಂದ ಬಂದ ಹಸಿ ಧಾನ್ಯದ್ದೇ. ಸಾಲ್ಮೊನೆಲ್ಲಾ, ಇ-ಕೋಲಿಯಂಥ ಬ್ಯಾಕ್ಟೀರಿಯಾಗಳು ಒಣ ಹಿಟ್ಟಿನಲ್ಲಿಯೂ ಬದುಕಿರಬಲ್ಲವು, ಬೇಯಿಸಿದಾಗ ಮಾತ್ರ ಸಾಯುತ್ತವೆ. ಮೊಟ್ಟೆ ಹಾಕದ ಹಿಟ್ಟು ಅಪಾಯವಿಲ್ಲದ್ದೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಆದರೆ ಈ ವಯಸ್ಸಿನ ಮಗುವಿಗೆ ಬರಿಯ ‘ಬೇಡ’ ನಿಲ್ಲುವುದಿಲ್ಲವಾದ್ದರಿಂದ, ಕೆಲಸಕ್ಕೆ ಕೂರುವ ಮೊದಲು ಒಂದು ಏಲಕ್ಕಿ ಬಾಳೆಹಣ್ಣು ತಿನ್ನಿಸಿ; ಹೊಟ್ಟೆ ತುಂಬಿದ ಮಗು ಹಿಟ್ಟನ್ನು ಬಾಯಿಗಿಡುವುದು ಕಡಿಮೆ.

ರಾಗಿಯನ್ನು ಆರಿಸಿದ್ದು ಒಳ್ಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಗೋಧಿಯಲ್ಲಿ ಅದರ ಚಿಕ್ಕ ಭಾಗವಷ್ಟೇ. ಆದರೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ನೆನಪಿಡಿ. ಮೇಲಿನ ಅಳತೆಯಲ್ಲಿ ಇಪ್ಪತ್ತು ಬಿಸ್ಕತ್ತು ಮಾಡಿದರೆ ಒಂದೊಂದರಲ್ಲಿ 2 ಗ್ರಾಂ ಬೆಲ್ಲವಿರುತ್ತದೆ, ದಿನಕ್ಕೆ ಎರಡು ಸಾಕು. ಗೋಡಂಬಿ, ಬಾದಾಮಿ, ಕಡಲೆಕಾಯಿ ಬೀಜ ಸೇರಿಸುವುದಾದರೆ ನುಣ್ಣಗೆ ಪುಡಿ ಮಾಡಿ ಸೇರಿಸಿ. ಇಡಿಯ ಬೀಜ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಸನದ ಅಜ್ಜಿ:

ಮೂವರು ಮೊಮ್ಮಕ್ಕಳೊಂದಿಗೆ ಈ ಕೆಲಸ ಮಾಡಿದ ಅನುಭವದಿಂದ ಹೇಳುತ್ತಿದ್ದೇನಮ್ಮ, ಸಿಹಿಯಿಂದಲೇ ಏಕೆ ಶುರುಮಾಡಬೇಕು? ನಮ್ಮ ಅಯ್ಯಂಗಾರ್ ಬೇಕರಿಗಳ ಖಾರಾ ಬಿಸ್ಕತ್ತನ್ನು ಹಸಿಮೆಣಸಿನಕಾಯಿ ಬಿಟ್ಟು ಮಾಡಿ ನೋಡು. ಗೋಧಿ ಹಿಟ್ಟು 150 ಗ್ರಾಂ, ಬೆಣ್ಣೆ 60 ಗ್ರಾಂ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರ್ ಅರ್ಧ ಸಣ್ಣ ಚಮಚ, ಉಪ್ಪು ಕಾಲು ಸಣ್ಣ ಚಮಚ, ಜೀರಿಗೆ, ಕರಿಬೇವು, ಕೊತ್ತಂಬರಿ ಸೊಪ್ಪು. ಇದರ ಹಿಟ್ಟು ಒಡೆಯುವುದಿಲ್ಲ, ಎಷ್ಟು ಸಲ ಮುದುಡಿ ಮತ್ತೆ ತಟ್ಟಿದರೂ ಕೂಡಿಕೊಳ್ಳುತ್ತದೆ. ಎರಡೂವರೆ ವರ್ಷದ ಕೈಗೆ ಬೇಕಾದದ್ದು ಅದೇ.

ಎಲ್ಲಕ್ಕಿಂತ ಮುಖ್ಯವಾಗಿ, ಇದರಲ್ಲಿ ಮಗುವಿಗೆ ನಿಜವಾದ ಕೆಲಸವಿದೆ. ತೊಳೆದ ಕರಿಬೇವನ್ನು ಕಡ್ಡಿಯಿಂದ ಬಿಡಿಸುವುದು, ಕೊತ್ತಂಬರಿ ಹರಿಯುವುದು, ಜೀರಿಗೆ ಉದುರಿಸುವುದು, ಇವನ್ನೆಲ್ಲ ಅವಳು ತಾನಾಗಿ ಮಾಡುತ್ತಾಳೆ, ಕೈಗೆ ಬಂದ ಪರಿಮಳವನ್ನು ಮೂಸಿ ನೋಡುತ್ತಾಳೆ. ದೊಡ್ಡ ಎಲೆಗಳನ್ನು ಆಮೇಲೆ ನೀನು ಸಣ್ಣಗೆ ಹೆಚ್ಚಿಕೊ. ಅವಳ ಬಿಲ್ಲೆ ವಕ್ರವಾಗಿದ್ದರೆ ತಿದ್ದಬೇಡ. ದಪ್ಪ ಮಾತ್ರ ಒಂದೇ ಸಮನಾಗುವಂತೆ ಮೇಲೊಂದು ಬಟ್ಟಲನ್ನು ಇಟ್ಟು ಒತ್ತು, ಇಲ್ಲದಿದ್ದರೆ ಅಂಚು ಕಪ್ಪಾಗಿ ನಡು ಹಸಿಯಾಗಿ ಉಳಿಯುತ್ತದೆ. 170 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಕಾಗಬಹುದು.

ಬಿಸಿಯ ವಿಷಯ: ಓಟಿಜಿಯ ಮೈ, ಗಾಜಿನ ಬಾಗಿಲು ಎರಡೂ ಸುಡುತ್ತವೆ, ಆರಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತವೆ. ನಾನು ನೆಲದ ಮೇಲೆ ರಂಗೋಲಿಯ ಗೆರೆ ಎಳೆದು, ಕೆಲಸವೆಲ್ಲ ಗೆರೆಯ ಈಚೆ ಚಾಪೆಯ ಮೇಲೆ ಎಂದು ಹೇಳುತ್ತಿದ್ದೆ. ಗೆರೆಯನ್ನೇ ನಂಬಿ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ಮನೆಯ ಇನ್ನೊಬ್ಬರು ಜೊತೆಯಲ್ಲಿರಲಿ.

ಮೈಸೂರಿನ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಅಜ್ಜಿ, ನೀವು ಹೇಳಿದಂತೆ ಇವತ್ತು ಖಾರವಿಲ್ಲದ ಖಾರಾ ಬಿಸ್ಕತ್ತನ್ನೇ ಮಾಡಿದೆವು. ಅರ್ಧ ಗಂಟೆ ಅವಳು ಕರಿಬೇವು ಬಿಡಿಸುವುದರಲ್ಲೇ ಕಳೆದಳು, ಹದಿನೆಂಟು ಬಿಲ್ಲೆಗಳಲ್ಲಿ ಹನ್ನೊಂದನ್ನು ತಾನೇ ತಟ್ಟಿದಳು, ಒಂದೂ ಒಡೆಯಲಿಲ್ಲ. ಬೇಯುವಾಗ ಅವಳ ಅಪ್ಪ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಗೆರೆಯ ಈಚೆಯಿಂದಲೇ ತೋರಿಸಿದರು. ಕೆಳಗಿನ ತಟ್ಟೆಯಲ್ಲಿದ್ದವುಗಳ ತಳ ಮಾತ್ರ ಸ್ವಲ್ಪ ಹೆಚ್ಚು ಕೆಂಪಾಗಿದೆ.

ಮನೆ ಬೇಕರಿ:

ಚಿಕ್ಕ ಓಟಿಜಿಯಲ್ಲಿ ಒಂದು ಸಲಕ್ಕೆ ಒಂದೇ ತಟ್ಟೆಯನ್ನು ನಡುವಿನ ಕಂಬಿಯ ಮೇಲೆ ಇಡಿ. ಮುಂದಿನ ಸಲ ಮೊದಲು ಮಗಳು ತಟ್ಟಿದವು ಬೇಯಲಿ, ನಿಮ್ಮವು ಅಲ್ಲಿಯವರೆಗೆ ಫ್ರಿಜ್‌ನಲ್ಲಿ ಕಾಯಲಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ಮುಂದಿನ ಭಾನುವಾರದವರೆಗೆ ಗರಿಗರಿಯಾಗಿರುತ್ತವೆ.