ಶಿಂಜುಕುವಿನಿಂದ ಕಮಾಕುರಕ್ಕೆ ಯಾವ ರೈಲು?

ದಾವಣಗೆರೆ_ಅತ್ತೆ: ಮಗನ ಮನೆಗೆ ಬಂದಿದ್ದೇವೆ, ಟೋಕಿಯೊದ ಶಿಂಜುಕು ಹತ್ತಿರ. ಕಮಾಕುರದ ದೊಡ್ಡ ಬುದ್ಧನನ್ನು ನೋಡಬೇಕು. ಮಗನಿಗೆ ರಜೆ ಇಲ್ಲ, ಯಜಮಾನರಿಗೆ ಮಂಡಿನೋವು. ಜೆಆರ್ (ಜಪಾನ್ ರೈಲ್ವೇಸ್) ರೈಲು ಒಳ್ಳೆಯದಾ, ಒಡಾಕ್ಯು ಕಂಪನಿಯ ರೈಲು ಒಳ್ಳೆಯದಾ?

ಯೊಕೊಹಾಮ_ಕನ್ನಡಿಗ: ಹೋಗುವಾಗ ಜೆಆರ್ ಶೋನಾನ್-ಶಿಂಜುಕು ಲೈನ್. ಜುಶಿ ಅಂತ ಬೋರ್ಡ್ ಇರುವ ರೈಲನ್ನೇ ಹತ್ತಿ. ಒಡಾವಾರ ಕಡೆಯದಾದರೆ ಒಫುನಾದಲ್ಲಿ ಇಳಿದು ಬದಲಿಸಬೇಕು. ಸುಮಾರು ಒಂದು ಗಂಟೆ. ಕಮಾಕುರದಲ್ಲಿ ಎನೊಡೆನ್ ಅನ್ನುವ ಪುಟ್ಟ ಲೋಕಲ್ ರೈಲು ಹತ್ತಿ, ಮೂರನೇ ಸ್ಟೇಷನ್ ಹಸೆ. ಅಲ್ಲಿಂದ ಬುದ್ಧನ ಹತ್ತಿರ ನಡೆದೇ ಹೋಗಬಹುದು.

ವಾಪಸ್ ಬರುವಾಗ ಅದೇ ದಾರಿ ಬೇಡ! ಎನೊಡೆನ್‌ನಲ್ಲೇ ಫುಜಿಸಾವವರೆಗೆ ಹೋಗಿ. 1902ರಲ್ಲಿ ಶುರುವಾದ ಲೈನು, ಉದ್ದ ಬರೀ 10 ಕಿ.ಮೀ. ಎಡಗಡೆ ಕೂತುಕೊಳ್ಳಿ, ಇನಾಮುರಗಸಾಕಿ ದಾಟಿದ ಮೇಲೆ ಸಮುದ್ರ ಪಕ್ಕದಲ್ಲೇ. ಕೊಶಿಗೊಎ ಆದಮೇಲೆ ರೈಲು ರಸ್ತೆ ಮಧ್ಯೆ, ಕಾರುಗಳ ಜೊತೆಯೇ ಓಡುತ್ತದೆ. ಒಂಟಿ ಹಳಿ, ಹಾಗಾಗಿ ಎದುರಿನ ರೈಲಿಗೆ ಅಲ್ಲಲ್ಲಿ ಕಾಯುತ್ತದೆ. ನನಗಂತೂ ಬುಲೆಟ್ ರೈಲು ಶಿಂಕಾನ್ಸೆನ್‌ಗಿಂತ ಇದೇ ಇಷ್ಟ. ಫುಜಿಸಾವದಿಂದ ಒಡಾಕ್ಯು ಹಿಡಿದರೆ ಸೀದಾ ಶಿಂಜುಕು.

ಕಾಫಿಪುಡಿ: ಎರಡೂ ಕಡೆ ಒಡಾಕ್ಯುನಲ್ಲೇ ಹೋಗುವುದಾದರೆ ಎನೊಶಿಮಾ-ಕಮಾಕುರ ಫ್ರೀಪಾಸ್ (ದುಡ್ಡು ಕೊಟ್ಟು ಕೊಳ್ಳುವ ಟಿಕೆಟ್) ನೋಡಿ. ಎನೊಡೆನ್ ಪ್ರಯಾಣವೂ ಅದರಲ್ಲೇ ಸೇರಿದೆ. ಶನಿವಾರ, ಭಾನುವಾರ ಮಾತ್ರ ಬೇಡ, ಕಾಲಿಡಲು ಜಾಗ ಇರಲ್ಲ.

ದಾವಣಗೆರೆ_ಅತ್ತೆ: ಜೆಆರ್ ಪಾಸ್ ಎನೊಡೆನ್‌ಗೆ ನಡೆಯುತ್ತಾ?

ಯೊಕೊಹಾಮ_ಕನ್ನಡಿಗ: ಇಲ್ಲ, ಅದು ಬೇರೆ ಖಾಸಗಿ ಕಂಪನಿ. ಸುಯಿಕಾ ಕಾರ್ಡ್ (ದುಡ್ಡು ತುಂಬಿಸಿ ಬಳಸುವ ಕಾರ್ಡ್) ಇದ್ದರೆ ಜೆಆರ್, ಒಡಾಕ್ಯು, ಎನೊಡೆನ್ ಮೂರೂ ಕಡೆ ನಡೆಯುತ್ತದೆ.