ಅಪ್‌ಡೇಟ್: ಟೆಹ್ರಾನ್‌ಗೆ ಹೋಗಿ ಬಂದೆ

ಪಿಸ್ತಾ ಖರೀದಿ ಮಾತುಕತೆಗೆ ಟೆಹ್ರಾನ್‌ಗೆ ಹೋಗಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದಾಯ್ತು. "ತಾರೊಫ್ ಬಗ್ಗೆ ಹುಷಾರು" ಅಂದವರಿಗೆ ದೊಡ್ಡ ನಮಸ್ಕಾರ. ತಾರೊಫ್ ಅಂದರೆ ಮರ್ಯಾದೆಗೆ ಮೊದಲು ಬೇಡ ಬೇಡ ಅನ್ನುವ ಇರಾನಿನವರ ಉಪಚಾರ.

ಮೊದಲ ದಿನವೇ ಟ್ಯಾಕ್ಸಿಯವರನ್ನು ಎಷ್ಟಾಯ್ತು ಅಂತ ಕೇಳಿದರೆ ಎದೆ ಮೇಲೆ ಕೈಯಿಟ್ಟು "ಘಾಬೆಲ್ ನದಾರೆ" ಅಂದರು. ಅಂದರೆ, ಅದೇನು ಮಹಾ, ಬಿಡಿ ಅಂತ. ನೀವು ಹೇಳಿರದಿದ್ದರೆ ಥ್ಯಾಂಕ್ಸ್ ಹೇಳಿ ಇಳಿದೇಬಿಡುತ್ತಿದ್ದೆ! ಎರಡು ಸಲ ಒತ್ತಾಯ ಮಾಡಿದ ಮೇಲೆ ತಗೊಂಡರು. ನಮ್ಮಲ್ಲೂ ಊಟಕ್ಕೆ ಕರೆದರೆ ಮೊದಲು "ಬೇಡ, ಈಗಷ್ಟೇ ಆಯ್ತು" ಅಂತೀವಲ್ವಾ, ಅದೇ ಥರ, ಸ್ವಲ್ಪ ಜಾಸ್ತಿ ಅಷ್ಟೇ.

ಎಡವಿದ್ದು ಪಿಸ್ತಾ ರೇಟಿನಲ್ಲಿ. ನೋಟಿನ ಮೇಲೆ ರಿಯಾಲ್, ಬಾಯಲ್ಲಿ ತೊಮಾನ್. ಒಂದು ತೊಮಾನ್ ಅಂದರೆ ಹತ್ತು ರಿಯಾಲ್. ಮಾತಲ್ಲಿ ಸೊನ್ನೆಗಳನ್ನೂ ನುಂಗಿಬಿಡುತ್ತಾರೆ. ಅರ್ಧ ಗಂಟೆ ನಾನು ಒಂದು ಲೆಕ್ಕ, ವ್ಯಾಪಾರಿಗಳು ಇನ್ನೊಂದು. ಕೊನೆಗೆ ಕಾಗದದ ಮೇಲೆ ಬರೆಸಿಕೊಂಡೆ.

ಚಹಾ ಮುಗಿಯುವ ತನಕ ವ್ಯಾಪಾರದ ಮಾತಿಲ್ಲ. ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಇಟ್ಟುಕೊಂಡು ಹಾಲಿಲ್ಲದ ಚಹಾ ಹೀರಬೇಕು. ನಾನು ಸುಮ್ನೆ ಲೋಟದೊಳಗೆ ಹಾಕಿದ್ದಕ್ಕೆ ನಕ್ಕರು. ಅಲ್ಲಿದ್ದ ಮೇಡಂಗೆ ನಾನಾಗಿ ಕೈ ಚಾಚಲಿಲ್ಲ, ಅವರೂ ಎದೆ ಮೇಲೆ ಕೈಯಿಟ್ಟು ತಲೆಬಾಗಿದರು. ಅವರ ಮಾತಲ್ಲಿ ದಫ್ತರ್, ಬಾಜಾರ್ ಕೇಳಿದಾಗ ನಮ್ಮೂರಿನ ಸಂತೆ ನೆನಪಾಯ್ತು.

ಶುಕ್ರವಾರ ರಜೆ ಅಂತ ಗೊತ್ತಿದ್ದೂ ಅವತ್ತೇ ಮೀಟಿಂಗ್ ಕೇಳಿದ್ದು ಮಾತ್ರ ನನ್ನದೇ ತಪ್ಪು. ಮುಂದಿನ ಸಲ ಮಾರ್ಚ್ ಕೊನೆಯಲ್ಲಿ ಹೋಗಲ್ಲ, ಅವರ ಹೊಸ ವರ್ಷ ನೌರೂಜ್‌ಗೆ ಎಲ್ಲರೂ ಊರಿಗೆ ಹೋಗಿರುತ್ತಾರಂತೆ.