ಪುಟ್ಟಾ, ಬೈಯೋದಾದ್ರೆ ಸರಿಯಾದ ವಿಳಾಸಕ್ಕೆ ಬೈ

ಎಲ್ಲರಿಗೂ ನಮಸ್ಕಾರ, ಇದು ಉದ್ದ ಆಗುತ್ತೆ ಅಂತ ಮೊದಲೇ ಹೇಳ್ಬಿಡ್ತೀನಿ, ಅತ್ತಿಗೆ ನೀವು ಕೇಳ್ಲೇಬೇಕು ಅಂತೇನಿಲ್ಲ, ಡಬಲ್ ಸ್ಪೀಡಲ್ಲಿ ಓಡಿಸಿದ್ರೂ ನಂಗೆ ಬೇಜಾರಿಲ್ಲ. ಇದು ಮುಖ್ಯವಾಗಿ ಪುಟ್ಟನಿಗೆ ಮತ್ತೆ ಚಿಕ್ಕಪ್ಪಂಗೆ. ಬೆಳಗ್ಗೆಯಿಂದ ಗ್ರೂಪಲ್ಲಿ ನಡೀತಿರೋದನ್ನ ಓದ್ತಾ ಬಂದೆ, ಪುಟ್ಟ ತನ್ನ ನ್ಯೂಕಾಸಲ್ ಫುಟ್‌ಬಾಲ್ ಕ್ಲಬ್ ಬಿಟ್ಟು ಹೋದ ಆಟಗಾರ ಇಸಾಕ್ ಫೋಟೋ ಹಾಕಿ ಕೆಳಗೆ ದ್ರೋಹಿ ಅಂತ ಹಾವಿನ ಎಮೋಜಿ ಸಾಲಾಗಿ ಇಟ್ಟಿದಾನೆ, ಚಿಕ್ಕಪ್ಪ ಅದಕ್ಕೆ ಈಗಿನ ಆಟಗಾರರೆಲ್ಲ ದುಡ್ಡು ಕಂಡ ಕಡೆ ಓಡೋರೇ ಅಂದ್ರು, ನಾನು ಮಧ್ಯದಲ್ಲಿ ಸೌದಿ ಅಂತ ಒಂದೇ ಒಂದು ಪದ ಬರೆದಿದ್ದಕ್ಕೆ "ಆಟದಲ್ಲಿ ರಾಜಕೀಯ ತರಬೇಡಪ್ಪ" ಅಂತ ಬಾಯಿ ಮುಚ್ಚಿಸಿದ್ರು. ಟೈಪ್ ಮಾಡಿ ಮಾಡಿ ಮೂರು ಸಲ ಅಳಿಸಿದೆ, ಅದಕ್ಕೇ ಮಾತಾಡೇ ಬಿಡೋಣ ಅಂತ.

ಮೊದಲು ಪುಟ್ಟ. ನಿನ್ನ ಸಂಕಟ ಅರ್ಥ ಆಗುತ್ತೆ ಕಣೋ, ಸುಳ್ಳು ಹೇಳಲ್ಲ. 2025ರ ಮಾರ್ಚಲ್ಲಿ ಕಪ್ ಫೈನಲ್, ಎದುರಿಗೆ ಲಿವರ್‌ಪೂಲ್, ಎರಡನೇ ಗೋಲ್ ಇಸಾಕೇ ಹೊಡೆದ, 1955 ಆದ್ಮೇಲೆ ನ್ಯೂಕಾಸಲ್‌ಗೆ ಇಂಗ್ಲೆಂಡಲ್ಲಿ ಬಂದ ಮೊದಲ ದೊಡ್ಡ ಕಪ್, 70 ವರ್ಷ! ನೀನು ಅವತ್ತು ಗ್ರೂಪಲ್ಲಿ ಹಾಕಿದ ವಾಯ್ಸ್ ಮೆಸೇಜಲ್ಲಿ ಬರೀ ಅಳು ಇತ್ತು, ಮಾತೇ ಇರ್ಲಿಲ್ಲ. ಅದಾಗಿ ಆರು ತಿಂಗಳೊಳಗೆ ಆ ಮನುಷ್ಯ ನಾನು ಆಡಲ್ಲ ಅಂತ ಕೂತ, ಕೊಟ್ಟ ಮಾತು ಮುರಿದ್ರು ಅಂತ ಇನ್‌ಸ್ಟಾದಲ್ಲಿ ಬರೆದ, ಸೆಪ್ಟೆಂಬರ್ 1ಕ್ಕೆ ಅದೇ ಲಿವರ್‌ಪೂಲ್‌ಗೆ ಹೋದ, 12.5 ಕೋಟಿ ಪೌಂಡ್, ಬ್ರಿಟನ್ ರೆಕಾರ್ಡ್. ಉಂಡೂ ಹೋದ ಕೊಂಡೂ ಹೋದ ಅಂತ ನಿಂಗೆ ಅನ್ಸೋದು ಸಹಜ. ಆದ್ರೆ ಕೊಂಡು ಹೋಗಿದ್ದೇನು ಹೇಳು, ಆ ದುಡ್ಡು ಬಂದಿದ್ದು ನಿನ್ನ ಕ್ಲಬ್‌ಗೆ. 2022ರಲ್ಲಿ ಅವನನ್ನ ಸ್ಪೇನಿನ ಸೊಸಿಯೆಡಾಡ್ ಕ್ಲಬ್‌ನಿಂದ ತಂದಾಗ ಕೊಟ್ಟಿದ್ದು ಅದರಲ್ಲಿ ಅರ್ಧ. ಲಾಭ ಕ್ಲಬ್‌ಗೆ, ಹಾವಿನ ಎಮೋಜಿ ಹುಡುಗನಿಗೆ.

ಇನ್ನು ಆ ಕ್ಲಬ್ ಯಾರದ್ದು ಅನ್ನೋ ವಿಷ್ಯ, ಅಲ್ಲೇ ನಾನು ಸೌದಿ ಅಂದಿದ್ದು ಚಿಕ್ಕಪ್ಪ, ಸುಮ್ನೆ ಕೆಣಕೋಕಲ್ಲ. 2021ರ ಅಕ್ಟೋಬರಲ್ಲಿ ಸೌದಿಯ ಪಿಐಎಫ್ ಅನ್ನೋ ಸರ್ಕಾರಿ ಫಂಡು 30.5 ಕೋಟಿ ಪೌಂಡ್ ಡೀಲಲ್ಲಿ ನ್ಯೂಕಾಸಲ್‌ನ 80 ಪರ್ಸೆಂಟ್ ತಗೊಳ್ತು. ಆ ಫಂಡಿನ ಅಧ್ಯಕ್ಷ ಯಾರು, ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಆದ್ರೂ ಕ್ಲಬ್ಬನ್ನ ಸೌದಿ ಸರ್ಕಾರ ನಡೆಸಲ್ಲ ಅಂತ ಪ್ರೀಮಿಯರ್ ಲೀಗ್‌ಗೆ ಬರೆದುಕೊಟ್ರು, ಲೀಗಿನವರು ಒಪ್ಪಿಕೊಂಡ್ರು. ಮತ್ತೆ ಆ ಡೀಲ್ ಅಷ್ಟು ದಿನ ನಿಂತಿದ್ದು ಯಾಕೆ ಗೊತ್ತಾ, ಮಾನವ ಹಕ್ಕು, ಸೌದಿ ಪತ್ರಕರ್ತ ಖಶೋಗಿ ಕೊಲೆ ಅದೂ ಇದೂ ಅಂತ ನಾವೆಲ್ಲ ಅಂದ್ಕೊಂಡಿದ್ವಿ, ಆದ್ರೆ ದೊಡ್ಡ ಗಂಟು ಇದ್ದಿದ್ದು ಟಿವಿ ರೈಟ್ಸಲ್ಲಿ. ಕತಾರಿನ ಬಿಇನ್ ಸ್ಪೋರ್ಟ್ಸ್ ಚಾನೆಲ್ಲನ್ನ ಸೌದಿಯಲ್ಲಿ ಬ್ಯಾನ್ ಮಾಡಿದ್ರು, ಅದರ ಮ್ಯಾಚುಗಳನ್ನ ಅಲ್ಲಿ ಕದ್ದು ತೋರಿಸ್ತಿದ್ರು. ಬಿಇನ್ ಮೇಲಿನ ಬ್ಯಾನ್ ತೆಗೀತಾರೆ ಅಂತ ಸುದ್ದಿ ಬಂದ ಮಾರನೇ ದಿನ ಡೀಲ್ ಓಕೆ! ಮನುಷ್ಯನ ಪ್ರಾಣ ಅಡ್ಡ ಬರ್ಲಿಲ್ಲ, ಚಾನೆಲ್ ಅಡ್ಡ ಬಂತು. ಇದನ್ನ ಆಟ ಅಂತೀರಾ ರಾಜಕೀಯ ಅಂತೀರಾ ನೀವೇ ಹೇಳಿ.

ಅದೇ ಪಿಐಎಫ್ 2023ರ ಜೂನಲ್ಲಿ ಸೌದಿ ಲೀಗಿನ ನಾಲ್ಕು ದೊಡ್ಡ ಕ್ಲಬ್ಬುಗಳ 75 ಪರ್ಸೆಂಟ್ ತಗೊಳ್ತು, ಅಲ್ ನಸ್ರ್, ಅಲ್ ಹಿಲಾಲ್, ಅಲ್ ಇತ್ತಿಹಾದ್, ಅಲ್ ಅಹ್ಲಿ. ಆ ಬೇಸಿಗೆಯಲ್ಲೇ ನ್ಯೂಕಾಸಲ್‌ನ ಸೇಂಟ್ ಮ್ಯಾಕ್ಸಿಮಿನ್ ಅಲ್ ಅಹ್ಲಿಗೆ ಮಾರಾಟ ಆದ, ಅಂದ್ರೆ ಪುಟ್ಟ, ಒಂದೇ ಯಜಮಾನನ ಎಡಗೈಯಿಂದ ಬಲಗೈಗೆ. ಹೀಗೆ ಒಂದೇ ಮಾಲೀಕರ ಕ್ಲಬ್ಬುಗಳ ಮಧ್ಯೆ ಆಟಗಾರರನ್ನ ಲೋನ್ ಮೇಲೆ ಕೊಡೋದನ್ನ ಸ್ವಲ್ಪ ದಿನ ನಿಲ್ಲಿಸೋಣ ಅಂತ ಅದೇ ವರ್ಷ ನವೆಂಬರಲ್ಲಿ ಪ್ರೀಮಿಯರ್ ಲೀಗಲ್ಲಿ ವೋಟಿಗೆ ಹಾಕಿದ್ರು, 14 ಬೇಕಿತ್ತು, 13 ಬಂತು. ಒಂದೇ ವೋಟು. ಪಂಚಾಯ್ತಿ ಎಲೆಕ್ಷನ್ನೇ.

ಸರಿ, ನಾನು ಇಷ್ಟೆಲ್ಲ ಹೇಳ್ತಿರೋದು ಸೌದಿಯನ್ನ ಬೈಯೋಕೆ ಮಾತ್ರ ಅಂದ್ಕೋಬೇಡಿ, ಇದು ಎಲ್ಲ ಕಡೆ ಇರೋದೇ. ನೇಮಾರ್ ವಿಷ್ಯ ತಗೊಳ್ಳಿ. 2017ರ ಜೂನ್ 5ಕ್ಕೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಎಲ್ಲ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿದ್ರು, ಗಡಿ ಬಂದ್, ವಿಮಾನ ಬಂದ್. ಎರಡೇ ತಿಂಗಳು, ಆಗಸ್ಟ್ 3ಕ್ಕೆ ಕತಾರಿನ ದುಡ್ಡಲ್ಲಿ ನಡೆಯೋ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬು 22.2 ಕೋಟಿ ಯೂರೋ ಎಣಿಸಿ ಸ್ಪೇನಿನ ಬಾರ್ಸಾದಿಂದ ನೇಮಾರ್‌ನ ಎತ್ಕೊಂಡು ಹೋಯ್ತು. ಅಲ್ಲೀವರೆಗಿನ ರೆಕಾರ್ಡು ಪೊಗ್ಬಾದು, 10.5 ಕೋಟಿ, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಯಾವ ವ್ಯಾಪಾರಿ ಹಾಗೆ ಕೊಡ್ತಾನೆ? ನಮ್ಮನ್ನ ಯಾರೂ ಒಂಟಿ ಮಾಡೋಕಾಗಲ್ಲ ಅಂತ ಇಡೀ ಜಗತ್ತಿಗೆ ಹೇಳೋಕೆ ಕೊಟ್ಟ ಜಾಹೀರಾತು ಅಂತ ನಂಗನ್ಸುತ್ತೆ, ಕಾಕತಾಳೀಯ ಅನ್ನೋರು ಅನ್ಲಿ. ಬಾರ್ಸಾದವರು ಆ ದುಡ್ಡನ್ನ ಡೆಂಬೆಲೆ, ಕುಟಿನ್ಯೋ ಅಂತ ನೀರಿನ ಥರ ಚೆಲ್ಲಿದ್ರು, ಸಾಲ ಮೇಲೆ ಸಾಲ, 2021ರಲ್ಲಿ ಮೆಸ್ಸಿ ಅತ್ಕೊಂಡು ಹೋಗಿದ್ದೂ ಅದೇ ಪಿಎಸ್‌ಜಿಗೆ. ನೇಮಾರ್ ಆಮೇಲೆ ಎಲ್ಲಿಗೆ ಹೋದ, ಸೌದಿಯ ಅಲ್ ಹಿಲಾಲ್‌ಗೆ, 9 ಕೋಟಿ ಯೂರೋ, ಆಡಿದ್ದು ಏಳು ಮ್ಯಾಚು. ಒಂದು ದೇಶದ ಹಠಕ್ಕೆ ಬಂದ, ಇನ್ನೊಂದು ದೇಶದ ಹಠಕ್ಕೆ ಹೋದ, ಮಂಡಿ ಮುರಿದಿದ್ದು ಮಾತ್ರ ಅವನದ್ದು.

ಚೀನಾದ್ದು ಇನ್ನೂ ಮಜಾ, ಬೇಗ ಹೇಳ್ಬಿಡ್ತೀನಿ. ಅಲ್ಲಿನ ಅಧ್ಯಕ್ಷರಿಗೆ ಫುಟ್‌ಬಾಲ್ ಇಷ್ಟ ಅಂತ ಗೊತ್ತಾಗಿದ್ದೇ ತಡ ಅಲ್ಲಿನ ರಿಯಲ್ ಎಸ್ಟೇಟ್ ಕಂಪನಿ, ಎಲೆಕ್ಟ್ರಾನಿಕ್ಸ್ ಕಂಪನಿ ಎಲ್ಲಾ ಕ್ಲಬ್ ಕಟ್ಟೋಕೆ ಬಿದ್ವು, ಚೆಲ್ಸಿಯ ಆಸ್ಕರ್ 25 ವರ್ಷಕ್ಕೆ ಶಾಂಘೈಗೆ ಹೋದ, ಟೆವೆಜ್ ಹೋದ, ಹಲ್ಕ್ ಹೋದ. ದುಡ್ಡು ದೇಶ ಬಿಟ್ಟು ಹೋಗ್ತಿದೆ ಅಂತ ಸರ್ಕಾರಕ್ಕೆ ಅನ್ಸಿದ ಕ್ಷಣ, 2017ರಲ್ಲಿ, ಇಷ್ಟಕ್ಕಿಂತ ಜಾಸ್ತಿ ಕೊಟ್ಟು ಆಟಗಾರನ್ನ ತಂದ್ರೆ ಅಷ್ಟೇ ದುಡ್ಡು ಇಲ್ಲೂ ಕಟ್ಟು ಅಂತ ನೂರಕ್ಕೆ ನೂರು ತೆರಿಗೆ. ಮುಗೀತು. ಜಿಯಾಂಗ್ಸು ಅನ್ನೋ ಕ್ಲಬ್ಬು 2020ರ ನವೆಂಬರಲ್ಲಿ ಚಾಂಪಿಯನ್ ಆಗಿ 2021ರ ಫೆಬ್ರವರಿಯಲ್ಲಿ ಬಾಗಿಲು ಹಾಕ್ತು. ಕಪ್ಪಿನ ಮೇಲೆ ಧೂಳು ಕೂರೋಕೂ ಟೈಮ್ ಸಿಗ್ಲಿಲ್ಲ.

ಚಿಕ್ಕಪ್ಪ, ನೀವು ಚೆಲ್ಸಿ ಅಭಿಮಾನಿ, ನೀವೇ ಆಟದಲ್ಲಿ ರಾಜಕೀಯ ಬೇಡ ಅಂದ್ರೆ ನಗು ಬರುತ್ತೆ ಕ್ಷಮಿಸಿ. 2003ರಲ್ಲಿ ರಷ್ಯಾದ ಸಾಹುಕಾರ ಅಬ್ರಮೊವಿಚ್ ಕ್ಲಬ್ ಕೊಂಡಾಗಿಂದ ನಿಮ್ಮ ಸುಖವೆಲ್ಲ ರಷ್ಯಾದ ಎಣ್ಣೆ ದುಡ್ಡಿಂದ್ಲೇ ಬಂದಿದ್ದು, ಯುಕ್ರೇನ್ ಯುದ್ಧ ಶುರುವಾಗಿ 2022ರ ಮಾರ್ಚ್ 10ಕ್ಕೆ ಬ್ರಿಟನ್ ಸರ್ಕಾರ ಅವರ ಆಸ್ತಿ ಫ್ರೀಜ್ ಮಾಡ್ತಲ್ಲ, ನೆನಪಿದೆಯಾ, ಟಿಕೆಟ್ ಮಾರಂಗಿಲ್ಲ, ಜೆರ್ಸಿ ಮಾರಂಗಿಲ್ಲ, ಹೊರಗಡೆ ಮ್ಯಾಚಿಗೆ ಹೋಗಿ ಬರೋ ಖರ್ಚು 20,000 ಪೌಂಡ್ ದಾಟಂಗಿಲ್ಲ, ಕೋಚ್ ಟುಕೆಲ್ ಬೇಕಾದ್ರೆ ನಾನೇ ಏಳು ಸೀಟಿನ ಗಾಡಿ ಓಡಿಸ್ತೀನಿ ಅಂದ್ರು. ಹೊಸ ಕಾಂಟ್ರಾಕ್ಟ್ ಕೊಡೋಂಗೇ ಇಲ್ಲ, ರೂಡಿಗರ್ ಮ್ಯಾಡ್ರಿಡ್‌ಗೆ ಹೋದ, ಕ್ರಿಸ್ಟೆನ್ಸೆನ್ ಬಾರ್ಸಾಕ್ಕೆ ಹೋದ, ಇಬ್ಬರಿಂದ್ಲೂ ಒಂದು ಪೈಸೆ ಬರ್ಲಿಲ್ಲ. ಅವತ್ತು ನೀವು ರೂಡಿಗರ್‌ಗೂ ದುಡ್ಡಿನ ಹಿಂದೆ ಓಡಿದ ಅಂತ್ಲೇ ಬೈದಿದ್ರಿ, ಗ್ರೂಪಲ್ಲಿ ಹುಡುಕಿದ್ರೆ ಸಿಗುತ್ತೆ, ಹುಡುಕಿ ತೆಗೀಲಾ?

ಅದೇ ಯುದ್ಧದ ಇನ್ನೊಂದು ಮಗ್ಗುಲು ಯುಕ್ರೇನಿನ ಆಟಗಾರ ಮುದ್ರಿಕ್. ಈ ವಿಷ್ಯದಲ್ಲಿ ನಂಗೂ ಗಾಯ ಇದೆ, ಯಾಕಂದ್ರೆ 2023ರ ಜನವರಿಯ ಮೊದಲ ಎರಡು ವಾರ ಅವನು ನಮ್ಮ ಆರ್ಸೆನಲ್‌ಗೇ ಬರೋದು ಅಂತ ನಾನು ದಿನಕ್ಕೆ ಹತ್ತು ಸಲ ಫೋನ್ ನೋಡ್ತಿದ್ದೆ, ಚೆಲ್ಸಿಯವರು ಕೊನೇ ಗಳಿಗೆಯಲ್ಲಿ ಹಾರಿಸ್ಕೊಂಡು ಹೋದ್ರು, 7 ಕೋಟಿ ಯೂರೋ, ಮೇಲೆ ಇನ್ನೊಂದು 3 ಕೋಟಿ ಆಮೇಲೆ ಸೇರ್ಬೋದು ಅಂತ. ಅವನ ಕ್ಲಬ್ಬು ಶಾಖ್ತಾರ್ ಡೊನೆಟ್ಸ್ಕ್, 2014ರಲ್ಲಿ ಅಲ್ಲಿ ಕಾಳಗ ಶುರುವಾದಾಗಿಂದ ಡೊನೆಟ್ಸ್ಕಲ್ಲಿ ಒಂದು ಮ್ಯಾಚೂ ಆಡಿಲ್ಲ, ಲ್ವಿವ್, ಖಾರ್ಕಿವ್, ಕೀವ್ ಅಂತ ಊರೂರು ಅಲೀತಿದೆ, ಹೆಸರಲ್ಲಿ ಮಾತ್ರ ಡೊನೆಟ್ಸ್ಕ್. ಯುದ್ಧ ಬಂದ ತಕ್ಷಣ ವಿದೇಶಿ ಆಟಗಾರರು ಕಾಂಟ್ರಾಕ್ಟ್ ತಡೆಹಿಡಿದು ಬೇರೆ ಕಡೆ ಹೋಗ್ಬೋದು ಅಂತ ಫಿಫಾ ಹೇಳ್ತು, ಪ್ರಾಣಭಯ ಇರೋ ಹುಡುಗರಿಗೆ ಅದು ನ್ಯಾಯವೇ, ಆದ್ರೆ ಶಾಖ್ತಾರ್‌ಗೆ ಬರಬೇಕಿದ್ದ ಕೋಟಿಗಳು ಹೋದ್ವು, 5 ಕೋಟಿ ಯೂರೋ ನಷ್ಟ ಕೊಡಿ ಅಂತ ಕ್ರೀಡಾ ಕೋರ್ಟಿಗೆ ಹೋದ್ರು, ಅದೂ ಬಿದ್ದೋಯ್ತು. ಮುದ್ರಿಕ್ ಡೀಲ್ ಆದ ಮಾರನೇ ದಿನವೇ ಕ್ಲಬ್ ಮಾಲೀಕ ಅಖ್ಮೆತೋವ್ 2.5 ಕೋಟಿ ಡಾಲರ್ ಸೈನಿಕರಿಗೆ, ಅವರ ಮನೆಯವರಿಗೆ ಅಂತ ಘೋಷಿಸಿದ್ರು. ಅದನ್ನ ಓದಿದ್ಮೇಲೆ ಮುದ್ರಿಕ್ ನಮಗೆ ಬರ್ಲಿಲ್ಲ ಅಂತ ನಾನು ಮಾಡಿದ ರಂಪಕ್ಕೆ ನಂಗೇ ನಾಚಿಕೆ ಆಯ್ತು, ಒಂದೆರಡು ದಿನ.

ಹಾಂ ಇನ್ನೊಂದು, ಪುಟ್ಟ ಹೇಳಿದ್ನಲ್ಲ, ಹಿಂದೆ ಮನೆ ಹುಡುಗರು ಒಂದೇ ಕ್ಲಬ್ಬಲ್ಲಿ ಇರ್ತಿದ್ರು ಈಗ ಯಾರಿಗೂ ನಿಯತ್ತಿಲ್ಲ ಅಂತ. ಅದು ನಿಯತ್ತಿನ ವಿಷ್ಯ ಅಲ್ಲಪ್ಪ, ಲೆಕ್ಕದ ಪುಸ್ತಕದ ವಿಷ್ಯ. ನೂರು ಕೊಟ್ಟು ಐದು ವರ್ಷದ ಕಾಂಟ್ರಾಕ್ಟಿಗೆ ಒಬ್ಬನ್ನ ತಂದ್ರೆ ಪುಸ್ತಕದಲ್ಲಿ ವರ್ಷಕ್ಕೆ ಇಪ್ಪತ್ತು ಖರ್ಚು ಅಂತ ಬರ್ಕೋತಾರೆ, ಆದ್ರೆ ಚಿಕ್ಕಂದಿನಿಂದ ತಮ್ಮಲ್ಲೇ ಬೆಳೆದ ಹುಡುಗನ್ನ ಮಾರಿದ್ರೆ ಅವನನ್ನ ಕೊಂಡ ಬೆಲೆ ಸೊನ್ನೆ, ಬಂದಿದ್ದೆಲ್ಲ ಆ ವರ್ಷದ್ದೇ ಲಾಭ. ಮೂರು ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ನಷ್ಟ ಮಾಡಂಗಿಲ್ಲ ಅಂತ ಲೀಗಲ್ಲಿ ರೂಲ್ ಇದ್ದಿದ್ರಿಂದ, ದಾಟಿದ್ರೆ ಪಾಯಿಂಟ್ ಕಟ್, ಎವರ್ಟನ್‌ಗೆ ಆಯ್ತಲ್ಲ, ಮೊದಲು ಮಾರಾಟಕ್ಕೆ ಇಡ್ತಿದ್ದಿದ್ದೇ ಮನೆ ಮಗನ್ನ. ಚೆಲ್ಸಿಯಲ್ಲೇ ಬೆಳೆದ ಮೌಂಟ್ ಹಾಗೇ ಹೋದ, ಗ್ಯಾಲಹರ್ ಹಾಗೇ ಹೋದ. ಅದೇ ಚೆಲ್ಸಿ ಲೆಕ್ಕ ಸರಿ ಮಾಡೋಕೆ ತನ್ನ ಎರಡು ಹೋಟೆಲ್ಲನ್ನ ತನ್ನದೇ ಇನ್ನೊಂದು ಕಂಪನಿಗೆ ಮಾರ್ತು! ಹೋಟೆಲ್‌ಗೆ ಯಾರೂ ಹಾವಿನ ಎಮೋಜಿ ಹಾಕ್ಲಿಲ್ಲ.

ಈಗ ನನ್ನ ಕ್ಲಬ್ಬು. ಇದನ್ನ ಹೇಳದೆ ಬಿಟ್ರೆ ನೀವೇ ಕೇಳ್ತೀರಾ. 2013ರ ಸೆಪ್ಟೆಂಬರ್ 2, ಆಟಗಾರರನ್ನ ಕೊಳ್ಳೋ ಟ್ರಾನ್ಸ್‌ಫರ್ ವಿಂಡೋದ ಕೊನೇ ದಿನ, ಟರ್ಕಿ ಮೂಲದ ಜರ್ಮನ್ ಆಟಗಾರ ಓಜಿಲ್ ಬಂದ, 4.25 ಕೋಟಿ ಪೌಂಡ್, ನಾನು ಆವತ್ತು ರಾತ್ರಿ ನಿದ್ದೆ ಮಾಡಿಲ್ಲ, ಅಷ್ಟು ವರ್ಷ ಬರೀ ಮಾರ್ತಾ ಇದ್ದ ಕ್ಲಬ್ಬು ಕೊನೆಗೂ ಒಬ್ಬ ರಾಜನನ್ನ ತಂತು ಅಂತ. ಆ ಎಡಗಾಲಿನ ಪಾಸು, ಬಿಡಿ, ಅದರ ಬಗ್ಗೆ ಶುರು ಮಾಡಿದ್ರೆ ಈ ಮೆಸೇಜ್ ಮುಗಿಯಲ್ಲ. 2018ರಲ್ಲಿ ಟರ್ಕಿ ಅಧ್ಯಕ್ಷ ಎರ್ಡೊಗನ್ ಜೊತೆ ಫೋಟೋ ತೆಗೆಸ್ಕೊಂಡ, ಜರ್ಮನಿ ವರ್ಲ್ಡ್ ಕಪ್ಪಿಂದ ಬೇಗ ಹೊರಗೆ ಬಿತ್ತು, ಎಲ್ಲರ ಸಿಟ್ಟು ಇವನ ಮೇಲೆ, ಗೆದ್ರೆ ಜರ್ಮನ್ನು ಸೋತ್ರೆ ವಲಸಿಗ ಅಂತ ನೋಡ್ತೀರಾ ಅಂದು ದೇಶದ ತಂಡ ಬಿಟ್ಟ. 2019ರ ಡಿಸೆಂಬರಲ್ಲಿ ಚೀನಾದಲ್ಲಿ ಉಯಿಗುರ್ ಮುಸ್ಲಿಮರಿಗೆ ಆಗ್ತಿರೋದರ ಬಗ್ಗೆ ಬರೆದ. ಚೀನಾ ಟಿವಿ ಮ್ಯಾಂಚೆಸ್ಟರ್ ಸಿಟಿ ಜೊತೆಗಿನ ನಮ್ಮ ಮ್ಯಾಚನ್ನೇ ತೋರಿಸ್ಲಿಲ್ಲ, ಅಲ್ಲಿನ ವಿಡಿಯೋ ಗೇಮಿಂದಾನೂ ಅವನನ್ನ ತೆಗೆದುಹಾಕಿದ್ರು. ನನ್ನ ಕ್ಲಬ್ ಏನಂತು, ಅದು ಅವನ ಸ್ವಂತ ಅಭಿಪ್ರಾಯ, ನಾವು ಯಾವತ್ತೂ ರಾಜಕೀಯಕ್ಕೆ ಹೋಗೋರಲ್ಲ. ಚಿಕ್ಕಪ್ಪ, ನೀವು ಬೆಳಗ್ಗೆ ಹೇಳಿದ ಮಾತೇ, ಅದಕ್ಕೇ ನಂಗೆ ಅಷ್ಟು ಚುಚ್ಚಿದ್ದು. ಅದಾಗಿ ಆರೇ ತಿಂಗಳಿಗೆ ಇಡೀ ಲೀಗು ಬೆನ್ನ ಮೇಲೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಅಂತ ಬರ್ಕೊಂಡು ಆಡ್ತು, 2022ರಲ್ಲಿ ನಾಲ್ಕೇ ದಿನದಲ್ಲಿ ರಷ್ಯಾ ತಂಡಗಳನ್ನ ಹೊರಗೆ ಹಾಕಿದ್ರು, ಎರಡೂ ಸರಿ ಅಂತ್ಲೇ ನನ್ನ ಅಭಿಪ್ರಾಯ, ಆದ್ರೆ ಮಾರ್ಕೆಟ್ ಹಾಳಾಗೋ ಕಡೆ ಮಾತ್ರ ರಾಜಕೀಯ ಬೇಡ ಅನ್ನೋದು ಯಾವ ನ್ಯಾಯ? ಓಜಿಲ್ ದೇವರೇನಲ್ಲ, ಉಯಿಗುರ್ ಬಗ್ಗೆ ಮಾತಾಡಿದವನ ಮದುವೆಗೆ ಸಾಕ್ಷಿಯಾಗಿ ನಿಂತಿದ್ದು ಅದೇ ಎರ್ಡೊಗನ್, ಅವರ ದೇಶದಲ್ಲಿ ಜೈಲಲ್ಲಿರೋ ಪತ್ರಕರ್ತರ ಬಗ್ಗೆ ಇವನು ತುಟಿ ಬಿಚ್ಚಿಲ್ಲ. ಅವನ ಆಟವೂ ಆಗ ಮಂಕಾಗಿತ್ತು, ಸಂಬಳದ ಜಗಳವೂ ಇತ್ತು, 2020ರ ಮಾರ್ಚ್ ಆದ್ಮೇಲೆ ನಮಗೆ ಆಡ್ಲೇ ಇಲ್ಲ, 2021ರ ಜನವರಿಯಲ್ಲಿ ಟರ್ಕಿಯ ಫೆನರ್‌ಬಾಚೆಗೆ ಹೋದ. ಚೀನಾದಿಂದಾನೇ ಹೋದ ಅಂತ ನಾನು ಹೇಳಲ್ಲ. ಆದ್ರೆ ಅವನು ಹೋಗುವಾಗ ನಾನೂ ಸಂಬಳ ತಿಂದ್ಕೊಂಡು ಕೂತವನು ತೊಲಗಿದ ಅಂತ ಸ್ಟೇಟಸ್ ಹಾಕಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಕೊತ್ತಿ ಕೈಗೆ ಸಿಗುತ್ತೆ, ಅತ್ತೆ ಬೋರ್ಡ್ ರೂಮಲ್ಲಿ ಇರ್ತಾಳೆ.

ಅತ್ತಿಗೆ, ನಿಮ್ಮತ್ತೆ ಬಗ್ಗೆ ಅಲ್ಲ ಇದು, ದೊಡ್ಡಮ್ಮ ಈ ಗ್ರೂಪಲ್ಲೇ ಇದಾರೆ ಅಂತ ನಂಗೊತ್ತು.

ಹಾಗಂತ ಫುಟ್‌ಬಾಲ್ ನೋಡೋದು ಬಿಡ್ತೀಯಾ ಅಂದ್ರೆ ಇಲ್ಲ, ಬಿಡಲ್ಲ, 2034ರ ವರ್ಲ್ಡ್ ಕಪ್ಪನ್ನ ಒಂದೇ ಅರ್ಜಿ ಇದೆ ಅಂತ ಸೌದಿಗೆ ಕೊಟ್ರು, 2025ರ ಡಿಸೆಂಬರಲ್ಲಿ ವರ್ಲ್ಡ್ ಕಪ್ ಡ್ರಾ ಸಮಾರಂಭದಲ್ಲೇ ಟ್ರಂಪ್ ಕೊರಳಿಗೆ ಫಿಫಾ ಶಾಂತಿ ಪ್ರಶಸ್ತಿಯ ಮೆಡಲ್ ಬಿತ್ತು, ಅವತ್ತೂ ಬೈಕೊಂಡು ಡ್ರಾದಲ್ಲಿ ಯಾವ ಗ್ರೂಪಿಗೆ ಯಾವ ದೇಶ ಬಂತು ಅಂತ ನೋಡ್ತಾ ಕೂತಿದ್ದೆ. ನನ್ನ ಪಾಡು ಇಷ್ಟೇ. ಈಗ ಇದನ್ನ ರೆಕಾರ್ಡ್ ಮಾಡ್ವಾಗ ಮೈಮೇಲೆ ಏನಿದೆ ಗೊತ್ತಾ, 2018ರ ಆರ್ಸೆನಲ್ ಜೆರ್ಸಿ, ಬೆನ್ನ ಮೇಲೆ ಓಜಿಲ್ 10, ಎದೆ ಮೇಲೆ ದುಬೈ ಏರ್‌ಲೈನ್ಸು, ತೋಳ ಮೇಲೆ ವಿಸಿಟ್ ರುವಾಂಡಾ. ಆ ರುವಾಂಡಾ ಡೀಲ್ ನಿಲ್ಲಿಸಿ, ನಮ್ಮ ನೆಲದಲ್ಲಿ ರುವಾಂಡಾ ಬೆಂಬಲದ ಬಂಡುಕೋರರು ಜನರನ್ನ ಕೊಲ್ತಿದಾರೆ ಅಂತ 2025ರಲ್ಲಿ ಕಾಂಗೋದ ವಿದೇಶಾಂಗ ಮಂತ್ರಿ ಕ್ಲಬ್‌ಗೆ ಪತ್ರ ಬರೆದ್ರು. ತೋಳಿನ ಅಕ್ಷರ ಒಗೆದು ಒಗೆದು ಅರ್ಧ ಕಿತ್ತೋಗಿದೆ, ಓಜಿಲ್ ಹೆಸರು ಮಾತ್ರ ಗಟ್ಟಿಯಾಗಿದೆ.

ಪುಟ್ಟ, ನಿನ್ನ ಹತ್ರ ಇಸಾಕ್ 14 ಜೆರ್ಸಿ ಇತ್ತಲ್ಲ, ಸುಟ್ಟು ವಿಡಿಯೋ ಹಾಕ್ತೀನಿ ಅಂತಿದ್ದೆ, ಸುಡಬೇಡ, ನಂಗೆ ಕೊಡು. ಚಿಕ್ಕಪ್ಪ, ಸಿಟ್ಟಾಗಿದ್ರೆ ಗ್ರೂಪಲ್ಲಿ ಬೇಡ, ಫೋನ್ ಮಾಡಿ ಬೈರಿ.